ಮಲೇಷ್ಯಾದ ಶರಿಯಾ ಕೋರ್ಟಿನ ಅಧಿಕಾರ ಎಷ್ಟು? ಅಲ್ಲಿ ಯಾವ ವಕೀಲರು ವಾದಿಸಬಹುದು?

ಕೊಲೆ, ಕಳ್ಳತನದ ಕೇಸುಗಳೂ ಶರಿಯಾ ಕೋರ್ಟಿಗೇ ಹೋಗುತ್ತವೆಯೇ ಎಂದು ಕೇಳಿದ್ದೀರಿ. ಇಲ್ಲ. ಆರೋಪಿ ಮುಸ್ಲಿಮನಾಗಿದ್ದರೂ ಅವು ಮಾಮೂಲಿ ಕ್ರಿಮಿನಲ್ ಕೋರ್ಟಿನವೇ. ಮುಸ್ಲಿಮರ ಮದುವೆ, ತಲಾಖ್, ಜೀವನಾಂಶ, ಮಕ್ಕಳ ಪಾಲನೆ, ವಕ್ಫ್, ವಾರಸುದಾರಿಕೆ, ಜೊತೆಗೆ ಧರ್ಮದ ಕಟ್ಟಳೆ ಮೀರಿದ ಕೆಲವು ಅಪರಾಧಗಳು ಇಷ್ಟೇ ಶರಿಯಾ ಕೋರ್ಟಿನ ಪಾಲು. ಅದು ಕೊಡಬಹುದಾದ ಶಿಕ್ಷೆಗೂ 1965ರ ಕೇಂದ್ರ ಕಾಯ್ದೆ ಮಿತಿ ಹಾಕಿದೆ: ಹೆಚ್ಚೆಂದರೆ 3 ವರ್ಷ ಜೈಲು, 5,000 ರಿಂಗಿಟ್ ದಂಡ, 6 ಛಡಿ ಏಟು.

ಈ ಕಾನೂನು ಮಾಡುವುದು ಆಯಾ ರಾಜ್ಯದ ಶಾಸನಸಭೆ. ತೊಡಕು ಶುರುವಾಗುವುದೇ ಅಲ್ಲಿ. ಜೂಜು, ತೂಕದಲ್ಲಿ ಮೋಸ, ಲೈಂಗಿಕ ಕಿರುಕುಳದಂಥವನ್ನೂ ಕೆಲಂತಾನ್ ರಾಜ್ಯ ತನ್ನ ಶರಿಯಾ ಅಪರಾಧ ಕಾಯ್ದೆಗೆ ಸೇರಿಸಿಕೊಂಡಿತ್ತು. ಅವು ಕೇಂದ್ರದ ಪಟ್ಟಿಯ ವಿಷಯಗಳೆಂದು ದೇಶದ ಅತ್ಯುನ್ನತ ನ್ಯಾಯಾಲಯವಾದ ಫೆಡರಲ್ ಕೋರ್ಟ್ 2024ರ ಫೆಬ್ರವರಿಯಲ್ಲಿ ಅಂಥ 16 ಕಲಮುಗಳನ್ನು 8–1 ಬಹುಮತದಲ್ಲಿ ರದ್ದುಮಾಡಿತು. ಧರ್ಮದ ಮೇಲಿನ ದಾಳಿ ಎಂದು ಆಗ ಗದ್ದಲವೆದ್ದಿತು. ನನಗೆ ಕಾಣುವಂತೆ ಅದು ಅಪ್ಪಟ ಕೇಂದ್ರ–ರಾಜ್ಯ ಅಧಿಕಾರ ಹಂಚಿಕೆಯ ತಕರಾರು.

ತಲಾಖ್ ಬಗ್ಗೆ ಹೊರಗಿನವರಿಗೆ ತಪ್ಪು ಕಲ್ಪನೆಯೇ ಹೆಚ್ಚು. ಕ್ವಾಲಾಲಂಪುರ ಸೇರಿದ ಒಕ್ಕೂಟ ಪ್ರದೇಶಗಳ (ಕೇಂದ್ರದ ನೇರ ಆಡಳಿತದವು) 1984ರ ಕಾಯ್ದೆಯಲ್ಲಿ, ಅನುಮತಿಯಿಲ್ಲದೆ ಕೋರ್ಟಿನ ಹೊರಗೆ ತಲಾಖ್ ಹೇಳುವುದೇ ಅಪರಾಧ: 1,000 ರಿಂಗಿಟ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಹೇಳಿಬಿಟ್ಟಿದ್ದರೆ 7 ದಿನದೊಳಗೆ ಕೋರ್ಟಿಗೆ ವರದಿ ಮಾಡಬೇಕು. ಅದು ಊರ್ಜಿತವೋ ಅಲ್ಲವೋ ಎಂದು ಕೋರ್ಟೇ ತೀರ್ಮಾನಿಸುತ್ತದೆ.

ಇನ್ನು ವಕೀಲರು. ಬಾರ್ ಸದಸ್ಯತ್ವವಿದ್ದರೆ ಸಾಲದು, ‘ಪೆಗುವಾಮ್ ಸ್ಯಾರಿ’ (ಶರಿಯಾ ವಕೀಲ) ಎಂಬ ಪ್ರತ್ಯೇಕ ಸನ್ನದು ಬೇಕು. ಅದನ್ನೂ ರಾಜ್ಯವಾರು ಪಡೆಯಬೇಕಾದ್ದರಿಂದ, ವಕಾಲತ್ತಿಗೆ ಸಹಿ ಹಾಕುವ ಮುಂಚೆ ಸನ್ನದು ಯಾವ ರಾಜ್ಯದ್ದೆಂದು ಕೇಳಿ. ಒಕ್ಕೂಟ ಪ್ರದೇಶಗಳಲ್ಲಿ ಮುಸ್ಲಿಮೇತರರಿಗೆ ಈ ಸನ್ನದು ಸಿಗುವುದಿಲ್ಲ ಎಂದು ಫೆಡರಲ್ ಕೋರ್ಟ್ 2016ರಲ್ಲಿ 3–2ರಲ್ಲಿ ತೀರ್ಪಿತ್ತಿದೆ. ಶರಿಯಾ ಕೋರ್ಟಿನ ನ್ಯಾಯಾಧೀಶರ ಪೀಠದಲ್ಲಿ ಹೆಂಗಸರೂ ಇದ್ದಾರೆ, ಮೊದಲ ಇಬ್ಬರ ನೇಮಕವಾದದ್ದು 2010ರಲ್ಲಿ.

ಮುಸ್ಲಿಮೇತರ ಗಂಡಹೆಂಡಿರಲ್ಲಿ ಒಬ್ಬರು ಮಾತ್ರ ಇಸ್ಲಾಮಿಗೆ ಮತಾಂತರವಾದರೆ? ಮುಸ್ಲಿಮೇತರರ ಮೇಲೆ ಶರಿಯಾ ಕೋರ್ಟಿಗೆ ಅಧಿಕಾರವೇ ಇಲ್ಲ. ಹಳೆಯ ಮದುವೆ ಮುರಿಯುವುದು ಸಿವಿಲ್ ಹೈಕೋರ್ಟಿನಲ್ಲಿಯೇ. ಮತಾಂತರವಾದವರೂ ಅಲ್ಲಿ ಅರ್ಜಿ ಹಾಕಬಹುದೆಂಬ ತಿದ್ದುಪಡಿ 2018ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅಪ್ರಾಪ್ತ ಮಕ್ಕಳ ಮತಾಂತರಕ್ಕೆ ತಂದೆತಾಯಿ ಇಬ್ಬರ ಒಪ್ಪಿಗೆಯೂ ಬೇಕೆಂದು ಅದೇ ವರ್ಷದ ಜನವರಿಯಲ್ಲಿ ಫೆಡರಲ್ ಕೋರ್ಟ್ ಹೇಳಿತ್ತು.

ಆಸ್ತಿ ಹಂಚಿಕೆಯಲ್ಲಿ ಜನ ಎಡವುವುದು ಹೀಗೆ: ಶರಿಯಾ ಕೋರ್ಟ್ ಕೊಡುವ ಫರಾಯಿದ್ (ಇಸ್ಲಾಮಿನ ವಾರಸು ನಿಯಮ) ಪ್ರಮಾಣಪತ್ರ ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಅದನ್ನೊಂದೇ ಹಿಡಿದು ಬ್ಯಾಂಕಿಗೆ ಹೋದರೆ ದುಡ್ಡು ಕೈಗೆ ಬರದು. ಆಸ್ತಿ ನಿರ್ವಹಣೆಯ ಅಧಿಕಾರಪತ್ರವನ್ನು ಸಿವಿಲ್ ಹೈಕೋರ್ಟಿನಿಂದ ಬೇರೆಯಾಗಿ ಪಡೆಯಬೇಕು. ಜಮೀನು, ಮನೆ ಇರುವ ಚಿಕ್ಕ ಆಸ್ತಿಯಾದರೆ ಭೂ ಕಚೇರಿಯಲ್ಲಿ ಅರ್ಜಿ ಹಾಕಿದರೆ ಸಾಕು.