ಹಮಾಡಾ ಪಿಸ್ತೂಲಿನ ಲೇಖಕರಿಗೆ

ಪ್ರಿಯರೇ,

ಎರಡನೇ ಮಹಾಯುದ್ಧ ಕಾಲದ ಜಪಾನಿನ ಹಮಾಡಾ ಪಿಸ್ತೂಲಿನ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಕನ್ನಡದಲ್ಲಿ ಇಂಥ ವಿಷಯವನ್ನು ಬರೆಯುವವರು ಕಡಿಮೆ.

ಮೊದಲ ಮೂರು ಪುಟಗಳನ್ನು ಸಮುರಾಯ್‌ಗಳ ಶೌರ್ಯಕ್ಕೆ ಕೊಟ್ಟಿದ್ದೀರಿ. ಅವನ್ನು ತೆಗೆದುಹಾಕಿ. ವಿನ್ಯಾಸಕ ಬುಂಜಿ ಹಮಾಡಾ ಈ ಪಿಸ್ತೂಲಿಗೆ ಕೈಹಾಕಿದ್ದು ಕತ್ತಿಯ ಪರಂಪರೆ ಉಳಿಸಲು ಅಲ್ಲ. ನಿಜವಾದ ಕಾರಣ ನಿಮ್ಮ ಏಳನೇ ಪುಟದ ಒಂದು ಸಾಲಿನಲ್ಲಿ ಮುದುಡಿ ಕುಳಿತಿದೆ: ಜಪಾನಿನ ಸೇನಾಧಿಕಾರಿಗಳು ತಮ್ಮ ಪಿಸ್ತೂಲನ್ನು ಸ್ವಂತ ಹಣದಿಂದಲೇ ಕೊಳ್ಳಬೇಕಿತ್ತು. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ಅವರಲ್ಲಿ ಅನೇಕರ ಒಲವು ಬೆಲ್ಜಿಯಂನ ಬ್ರೌನಿಂಗ್ 1910ರ ಕಡೆಗಿತ್ತು. ಅದರ ಸ್ಪ್ರಿಂಗ್ ನಳಿಕೆಯ ಸುತ್ತಲೇ ಸುತ್ತಿಕೊಂಡಿರುವುದರಿಂದ ಪಿಸ್ತೂಲು ತೆಳ್ಳಗೆ, ಹಗುರವಾಗಿ ಸೊಂಟದಲ್ಲಿ ಕೂರುತ್ತದೆ. 1940ರಲ್ಲಿ ಬೆಲ್ಜಿಯಂ ಜರ್ಮನಿಯ ವಶವಾಯಿತು. ಅಧಿಕಾರಿಗಳ ಬೇಡಿಕೆ ಮಾತ್ರ ಯುದ್ಧದ ಜೊತೆ ಬೆಳೆಯುತ್ತಲೇ ಇತ್ತು. ಬ್ರೌನಿಂಗ್‌ನ ಜಾಡಿನಲ್ಲೇ, ಅದೇ 7.65 ಮಿ.ಮೀ. ಗುಂಡಿಗೆ ಹೊಂದುವಂತೆ ಹಮಾಡಾನ ಟೈಪ್ 1 ಬಂದದ್ದು ಹೀಗೆ.

ಟೈಪ್ 2 ಬಂದಾಗ ಗುಂಡಿನ ಅಳತೆ 8 ಮಿ.ಮೀ.ಗೆ ಬದಲಾಯಿತು. ಇದನ್ನು ನೀವು ಕೋಷ್ಟಕದಲ್ಲಿ ಹೂತುಹಾಕಿದ್ದೀರಿ! ಅದು ಸೇನೆಯದೇ ಆದ, ಜಪಾನಿನ ಬಂದೂಕು ವಿನ್ಯಾಸಕ ನಂಬು ಅವರ ಹೆಸರಿನ ಗುಂಡು. ಅಧಿಕಾರಿಯೊಬ್ಬ ಅಂಗಡಿಯಲ್ಲಿ ಆರಿಸಿಕೊಳ್ಳುವಂಥ ಪಿಸ್ತೂಲು ಸೇನೆಯ ಸರಬರಾಜಿಗೆ ಒಗ್ಗಿಕೊಂಡ ಕಥೆ ಆ ಒಂದು ಬದಲಾವಣೆಯಲ್ಲಿದೆ. ಇಲ್ಲಿ ನಿಲ್ಲಿ, ವಿವರಿಸಿ, ಎರಡು ಪುಟ ಬೇಕಾದರೂ ತೆಗೆದುಕೊಳ್ಳಿ.

ಒಂದು ತಪ್ಪನ್ನು ತಿದ್ದಲೇಬೇಕು. ಟೈಪ್ 1 ಎಂದರೆ ಮೊದಲ ಮಾದರಿ, ಟೈಪ್ 2 ಎಂದರೆ ಅದರ ಸುಧಾರಿತ ರೂಪ ಎಂದು ಬರೆದಿದ್ದೀರಿ. ಅವು ಜಪಾನಿನ ಸಾಮ್ರಾಜ್ಯ ಶಕೆಯ ವರ್ಷಗಳ ಕೊನೆಯ ಅಂಕಿಗಳು: 2601 ಮತ್ತು 2602, ಅಂದರೆ 1941 ಮತ್ತು 1942. ಸೇನೆಯ ಇನ್ನೊಂದು ಪಿಸ್ತೂಲಾದ ನಂಬು ಟೈಪ್ 94 ಕೂಡ ಹೀಗೆಯೇ 2594ರದು, ತೊಂಬತ್ತನಾಲ್ಕನೇ ಮಾದರಿಯಲ್ಲ.

‘ಅತ್ಯಪರೂಪದ’ ಎಂಬ ವಿಶೇಷಣ ಪ್ಯಾರಾಕ್ಕೊಂದರಂತೆ ಬರುತ್ತದೆ. ಅದರ ಬದಲು ಹೋಲಿಕೆ ಕೊಡಿ: ಟೈಪ್ 94 ಸುಮಾರು 70,000 ತಯಾರಾಗಿದ್ದವು, ಹಮಾಡಾ ಎರಡೂ ಬಗೆ ಸೇರಿ ಕೆಲವೇ ಸಾವಿರ. ಹರಾಜಿನ ಬೆಲೆಗಳ ಪಟ್ಟಿ ನನಗೆ ಬೇಡ. ಸಂಗ್ರಾಹಕರ ಹೆಮ್ಮೆಗಿಂತ ಹಮಾಡಾನ ಕಾರ್ಖಾನೆಯ ಮೇಲೆ ಯುದ್ಧ ಹೇರಿದ ಒತ್ತಡ ಓದುಗರಿಗೆ ಮುಖ್ಯ.

ಹನ್ನೆರಡು ಪುಟವನ್ನು ಆರಕ್ಕೆ ಇಳಿಸಿ ಮತ್ತೆ ಕಳುಹಿಸಿ. ನಾನೇ ಓದುತ್ತೇನೆ.

ಸಂಪಾದಕ