ಹೈಸ್ಕೂಲ್ ಹುಡುಗರ ಒಂದು ಪಂದ್ಯಕ್ಕೆ ಊರಿಗೆ ಊರೇ ಏಕೆ ಹೊರಡುತ್ತದೆ?

ಟೆಕ್ಸಸ್‌ನ ಸಣ್ಣ ಊರುಗಳಲ್ಲಿ ಹೈಸ್ಕೂಲ್ ಫುಟ್‌ಬಾಲ್ ಫೈನಲ್ ಎಂದರೆ ಊರು ಖಾಲಿಯಾಗುತ್ತದಂತೆ, ಇದು ನಿಜವೋ ಸಿನಿಮಾದವರು ಕಟ್ಟಿದ್ದೋ ಎಂದು ಕೇಳಿದ್ದೀರಿ. ನಿಜ. ನನ್ನ ಮಕ್ಕಳು ಯಾರೂ ತಂಡದಲ್ಲಿಲ್ಲದಿದ್ದರೂ ನಾನೇ ಹೋಗಿ ಕುಳಿತಿದ್ದೇನೆ. ಅಂದ ಹಾಗೆ, ಇಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಆಟ. ಕಾಲಿಗೆ ಕೆಲಸ ಕಡಿಮೆ.

ನಾನಿರುವುದು ಡಲ್ಲಾಸ್‌ನ ಉತ್ತರಕ್ಕಿರುವ ಸೆಲೈನಾದಲ್ಲಿ. ‘ಸೆಲೀನಾ’ ಎಂದಿರೋ, ನೀವು ಹೊಸಬರೆಂದು ಕೂಡಲೇ ಗೊತ್ತಾಗುತ್ತದೆ. 2000ದ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟಿರಲಿಲ್ಲ. ಅಂಥ ಊರಿನ ಶಾಲೆ 1998ರಿಂದ 2001ರವರೆಗೆ ಸತತ ನಾಲ್ಕು ವರ್ಷ ತನ್ನ ವರ್ಗದಲ್ಲಿ ರಾಜ್ಯ ಚಾಂಪಿಯನ್ ಆಯಿತು. ಸೋಲೇ ಇಲ್ಲದೆ ಸಾಲಾಗಿ 68 ಪಂದ್ಯಗಳನ್ನು ಗೆದ್ದಿತು. ಇಲ್ಲಿನ ಹಿರಿಯರು ವರ್ಷಗಳನ್ನು ನೆನಪಿಟ್ಟುಕೊಂಡಿರುವುದೇ ಹಾಗೆ: ಮಗಳ ಮದುವೆ ಮೂರನೆಯ ಪ್ರಶಸ್ತಿಯ ವರ್ಷ, ಬಾವಿ ಬತ್ತಿದ್ದು ಅದರ ಹಿಂದಿನ ವರ್ಷ.

ಕಾರಣವನ್ನು ಆಟದೊಳಗೆ ಹುಡುಕಿದರೆ ಸಿಗುವುದಿಲ್ಲ. ಇಲ್ಲಿನ ಸಣ್ಣ ಊರಿನಲ್ಲಿ ಅಂಗಡಿ ಎಲ್ಲೋ ಇರುವ ಕಂಪನಿಯದು, ಬ್ಯಾಂಕು ಇನ್ನೆಲ್ಲಿಯದೋ, ಚರ್ಚುಗಳು ಹಲವು ಪಂಗಡಗಳಿಗೆ ಹಂಚಿಹೋಗಿವೆ. ಎಲ್ಲರಿಗೂ ಸೇರಿದ್ದು, ಊರಿನ ಹೆಸರನ್ನು ಎದೆಯ ಮೇಲೆ ಹೊತ್ತುಕೊಂಡು ಹೊರಗೆ ಹೋಗುವುದು ಶಾಲೆಯೊಂದೇ. ಮಕ್ಕಳು ಕಡಿಮೆಯಾಗಿ ಶಾಲೆಯನ್ನು ಪಕ್ಕದೂರಿನದರೊಂದಿಗೆ ವಿಲೀನ ಮಾಡಿದರೆ ಮೊದಲು ಹೋಗುವುದು ತಂಡ, ಆಮೇಲೆ ಪಂದ್ಯ ನಡೆಯುವ ಶುಕ್ರವಾರದ ಸಂಜೆ, ಕೊನೆಗೆ ಊರಿನ ಹೆಸರು. ಹಾಗಾಗಬಾರದೆಂದೇ ಹನ್ನೊಂದು ಹುಡುಗರು ಸಿಗದ ಕಡೆ ಆರು ಜನರ ಫುಟ್‌ಬಾಲ್ ಆಡುತ್ತಾರೆ. 1934ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ನೆಬ್ರಾಸ್ಕಾದ ಹೆಬ್ರಾನ್ ಎಂಬಲ್ಲಿನ ಶಿಕ್ಷಕ ಸ್ಟೀಫನ್ ಎಪ್ಲರ್ ರೂಪಿಸಿದ ಆಟವದು. ಮೈದಾನ ಚಿಕ್ಕದು, ಅಂಕಗಳು ಮಾತ್ರ ಮಳೆಯಂತೆ ಸುರಿಯುತ್ತವೆ. ಅರ್ಧ ಆಟ ಮುಗಿದಾಗ ಅಥವಾ ಆಮೇಲೆ ಯಾವಾಗಲಾದರೂ 45 ಅಂಕಗಳ ಅಂತರವಾದರೆ ಅಲ್ಲಿಗೇ ಆಟ ನಿಲ್ಲಿಸುತ್ತಾರೆ. ಟೆಕ್ಸಸ್‌ನಲ್ಲಿ ಅದಕ್ಕೂ ರಾಜ್ಯ ಪ್ರಶಸ್ತಿಯಿದೆ.

ಇಲ್ಲಿ ಶಾಲಾ ಕ್ರೀಡೆಗಳನ್ನು ನಡೆಸುವುದು ಯೂನಿವರ್ಸಿಟಿ ಇಂಟರ್‌ಸ್ಕಾಲಾಸ್ಟಿಕ್ ಲೀಗ್. ಅದು ವಿದ್ಯಾರ್ಥಿಗಳ ಸಂಖ್ಯೆ ನೋಡಿ ಶಾಲೆಗಳನ್ನು ಆರು ವರ್ಗಗಳಾಗಿ ಹಂಚುತ್ತದೆ, ಎರಡು ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕುತ್ತದೆ. ಹಾಗಾಗಿ ಸಣ್ಣ ಊರು ಸಣ್ಣ ಊರಿನೊಂದಿಗೇ ಕಾದಾಡುತ್ತದೆ. ಆಡಲೆಂದೇ ಬೇರೆ ಊರಿನಿಂದ ಹುಡುಗನನ್ನು ಕರೆತರುವಂತಿಲ್ಲ. ಕಳ್ಳದಾರಿಗಳು ಇಲ್ಲವೆಂದಲ್ಲ, ಆದರೂ ಬಹುಮಟ್ಟಿಗೆ ಮೈದಾನದಲ್ಲಿರುವವನು ನಿಮ್ಮ ಪಕ್ಕದ ಮನೆಯವನೇ. ಅವನ ತಂದೆಯೂ ಅದೇ ಬಣ್ಣದ ಅಂಗಿ ತೊಟ್ಟು ಆಡಿದ್ದಾನೆ. ಶುಕ್ರವಾರ ಸಂಜೆಗಂತೂ ಕಾನೂನಿನ ಕಾವಲೂ ಇದೆ. ಸೆಪ್ಟೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಶಾಲಾ ಪಂದ್ಯಗಳಿಗೆ ಪೆಟ್ಟು ಬೀಳುವಂತೆ ಆ ಹೊತ್ತಿನಲ್ಲಿ ಪಂದ್ಯ ಪ್ರಸಾರ ಮಾಡಿದರೆ ವೃತ್ತಿಪರ ಲೀಗ್ ತನ್ನ ಟಿವಿ ಒಪ್ಪಂದಗಳಿಗಿರುವ ಕಾನೂನು ರಕ್ಷಣೆ ಕಳೆದುಕೊಳ್ಳುತ್ತದೆ. 1966ರಿಂದಲೂ ಹೀಗೆಯೇ.

ನಾನು ಕೊಡಗಿನವನು. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಅದರ ಗುಂಗು ಬಲ್ಲವನು. ಹಾಗಾಗಿ ಆರಂಭದಲ್ಲಿ ‘ಇದು ನಮಗೇನೂ ಹೊಸದಲ್ಲ’ ಎಂದು ಬೀಗಿದ್ದೆ. ಆದರೆ ಅಲ್ಲಿ ಒಕ್ಕದ, ಅಂದರೆ ಕುಟುಂಬದ, ಹೆಸರಿನಲ್ಲಿ ಅಪ್ಪ, ಮಗ, ಅಕ್ಕ ಎಲ್ಲರೂ ಕೋಲು ಹಿಡಿಯಬಹುದು, ಈ ವರ್ಷ ಸೋತರೆ ಮುಂದಿನ ವರ್ಷ ಇದ್ದೇ ಇದೆ. ಇಲ್ಲಿ ಹನ್ನೆರಡನೆಯ ತರಗತಿಯ ಹುಡುಗನಿಗೆ ಮುಂದಿನ ವರ್ಷ ಎಂಬುದಿಲ್ಲ. ನಾಕೌಟ್‌ನಲ್ಲಿ ಒಂದು ಸೋಲು, ಅಷ್ಟೇ. ಅವರಲ್ಲಿ ಹೆಚ್ಚಿನವರು ಮತ್ತೆಂದೂ ಈ ಆಟ ಆಡುವುದಿಲ್ಲ. ಸೋತ ರಾತ್ರಿ ಅವರು ಹುಲ್ಲಿನ ಮೇಲೆ ಮಲಗಿ ಬಿಕ್ಕುವುದನ್ನು ನೋಡಿದ ಮೇಲೆ ನನ್ನ ಬೀಗುವಿಕೆ ಇಳಿಯಿತು.

ಇದರಲ್ಲಿ ನನಗೆ ಹಿಡಿಸದ್ದೂ ಇದೆ. ನಮ್ಮ ಕೌಂಟಿಯದೇ ಆದ ಆಲೆನ್ ನಗರದ ಶಾಲಾ ಮಂಡಳಿ ಸುಮಾರು 6 ಕೋಟಿ ಡಾಲರ್ ಸುರಿದು 18,000 ಆಸನಗಳ ಹೈಸ್ಕೂಲ್ ಕ್ರೀಡಾಂಗಣ ಕಟ್ಟಿ 2012ರಲ್ಲಿ ತೆರೆಯಿತು. ಕಾಂಕ್ರೀಟ್ ಬಿರುಕು ಬಿಟ್ಟು 2014ರಲ್ಲಿ ಬೀಗ ಹಾಕಿ ರಿಪೇರಿ ಮಾಡಬೇಕಾಯಿತು. ತಲೆಗೆ ಬೀಳುವ ಪೆಟ್ಟುಗಳ ಮಾತೆತ್ತಿದರೆ ಈಗಲೂ ಕೆಲವರು ಮುಖ ತಿರುಗಿಸುತ್ತಾರೆ. ಒಂದು ವಿಷಯದಲ್ಲಿ ಫೇಲಾದರೂ ಆಡುವಂತಿಲ್ಲ ಎಂಬ ನಿಯಮ 1984ರಲ್ಲಿ ಬಂದಾಗ ಕೋಚುಗಳು ಸಿಡಿಮಿಡಿಗೊಂಡಿದ್ದರು. ನನ್ನ ಪ್ರಕಾರ ಟೆಕ್ಸಸ್ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಈಗ ಸೆಲೈನಾ ಸಣ್ಣ ಊರಲ್ಲ. 2023ರ ಹೊತ್ತಿಗೆ ಜನ 43,000 ದಾಟಿದ್ದರು, ಆ ವರ್ಷ ದೇಶದಲ್ಲೇ ಅತಿ ವೇಗವಾಗಿ ಬೆಳೆದ ನಗರ ಎನಿಸಿಕೊಂಡಿತು. ಮೆಕ್ಕೆಜೋಳದ ಹೊಲಗಳ ಮೇಲೆ ಎದ್ದ ಬಡಾವಣೆಗಳಲ್ಲಿ ನನ್ನಂಥ ತೆಲುಗರು, ತಮಿಳರು, ಕನ್ನಡಿಗರು. ಹಳಬರು ನಮ್ಮನ್ನು ನೋಡಿ ಗೊಣಗಲು ಕಾರಣವಿತ್ತು, ಗೊಣಗುತ್ತಲೂ ಇದ್ದರು. 2024ರ ಡಿಸೆಂಬರ್‌ನಲ್ಲಿ, 17 ವರ್ಷಗಳ ನಂತರ, ತಂಡ ಮತ್ತೆ ಗೆದ್ದಿತು. ಆರ್ಲಿಂಗ್‌ಟನ್‌ನಲ್ಲಿ, ವೃತ್ತಿಪರ ತಂಡವಾದ ಡಲ್ಲಾಸ್ ಕೌಬಾಯ್ಸ್ ಆಡುವ ಕ್ರೀಡಾಂಗಣದಲ್ಲಿ ಕಿಲ್ಗೋರ್ ಎಂಬ ಊರಿನ ವಿರುದ್ಧ 55-21. ಆ ರಾತ್ರಿ ತಂಡದ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ನಾನು ಕೂಗಿದ್ದನ್ನು ಕಂಡು ಹೆಂಡತಿ ‘ನಿಮ್ಮ ಒಕ್ಕ ಗೆದ್ದಾಗಲೂ ಹೀಗೆ ಕೂಗಿರಲಿಲ್ಲ’ ಎಂದಳು.

ಹೊರಗೆ ಪಾರ್ಕಿಂಗ್‌ನಲ್ಲಿ ಹುಡುಗರು ‘ಒಂಬತ್ತು! ಒಂಬತ್ತು!’ ಎಂದು ಪ್ರಶಸ್ತಿಗಳ ಲೆಕ್ಕ ಕೂಗುತ್ತಿದ್ದರು. ನಮ್ಮ ಬೀದಿಯ ಹಿರಿಯರೊಬ್ಬರು ಮಾತ್ರ ತಲೆಯಾಡಿಸಿದರು. ಊರಿನ ಮೊದಲ ಪ್ರಶಸ್ತಿ 1974ರದು, ಬಿಗ್ ಸ್ಯಾಂಡಿ ಎಂಬ ಊರಿನ ಎದುರು 0-0 ಆಗಿ ಇಬ್ಬರಿಗೂ ಹಂಚಿದ್ದು. ಅದನ್ನು ಅವರು ಐವತ್ತು ವರ್ಷಗಳಿಂದ ಒಪ್ಪಿಕೊಂಡಿಲ್ಲ.

‘ಎಂಟೂವರೆ’ ಎಂದರು, ಕಾರಿನ ಬಾಗಿಲು ತೆರೆಯುತ್ತಾ.