ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಚೇರಿಯವರು ಬಾಗಿಲು ತೆರೆಯುವ ಕಾರ್ಡಿನ ಬದಲು ಕೈಯೊಳಗೆ ಚಿಪ್ ಹಾಕಿಸಿಕೊಳ್ಳಿ ಎಂದರೆ ಒಪ್ಪಬೇಕೆ?

ನೀವು ಹೋದಲ್ಲೆಲ್ಲ ಚಿಪ್ ಬೆನ್ನು ಹತ್ತುತ್ತದೆ ಎಂಬ ನಿಮ್ಮ ಭಯಕ್ಕೆ ಕಾರಣ, ಅದನ್ನು ಜಿಪಿಎಸ್ ಎಂದುಕೊಂಡಿರುವುದು. ಹೆಬ್ಬೆರಳು, ತೋರುಬೆರಳಿನ ನಡುವೆ ಚರ್ಮದಡಿ ಕೂರುವ ಆ ಅಕ್ಕಿಕಾಳಿನಷ್ಟು ವಸ್ತುವಿನಲ್ಲಿ ಬ್ಯಾಟರಿಯೇ ಇಲ್ಲ. ಅದನ್ನು ಓದುವ ಸಾಧನವಾದ ರೀಡರ್‌ಗೆ ಕೈ ತೀರ ಹತ್ತಿರ ಹಿಡಿದರೆ ಮಾತ್ರ ಸ್ಪಂದಿಸುತ್ತದೆ. ಚಿಂತಿಸಬೇಕಾದದ್ದು ನೀವು ಯಾವ ಬಾಗಿಲನ್ನು ಯಾವಾಗ ದಾಟಿದಿರಿ ಎಂದು ಕಚೇರಿಯಲ್ಲಿ ಉಳಿಯುವ ದಾಖಲೆಯ ಬಗ್ಗೆ.

ಸದ್ಯಕ್ಕೆ ಸಹಿ ಹಾಕಬೇಡಿ. ವಿಸ್ಕಾನ್ಸಿನ್‌ನಲ್ಲಿ 2006ರ ಕಾನೂನಿನಂತೆ ಚಿಪ್ ಅಳವಡಿಕೆಯನ್ನು ಕಡ್ಡಾಯ ಮಾಡುವಂತಿಲ್ಲ. ದಂಡ ದಿನಕ್ಕೆ 10,000 ಡಾಲರ್‌ವರೆಗೆ. ಆದರೆ ಬಡ್ತಿ ತಪ್ಪಿಸುವಂಥ ಪರೋಕ್ಷ ಒತ್ತಡವೂ ಇದರಡಿ ಬರುತ್ತದೆಯೇ ಎಂಬುದನ್ನು ಅಲ್ಲಿನ ವಕೀಲರೇ ಹೇಳಬೇಕು. ಆಮೇಲೆ ಲಿಖಿತವಾಗಿ ಕೇಳಿ: ದಾಖಲೆ ಎಷ್ಟು ಕಾಲ ಇಡುತ್ತೀರಿ? ಕೆಲಸ ಬಿಟ್ಟಾಗ ತೆಗೆಸುವ ಖರ್ಚು ಯಾರದು? ಚಿಪ್ ನಕಲು ಮಾಡದಂತೆ ಮಾಹಿತಿಯನ್ನು ಗುಪ್ತ ಸಂಕೇತದಲ್ಲಿಡುವ ಗೂಢಲಿಪೀಕರಣ ಇದೆಯೇ? ಕೊನೆಯದಕ್ಕೆ ತಡವರಿಸಿದರೆ ಖಂಡಿತ ಬೇಡವೆನ್ನಿ. ನಕಲಾದ ಕಾರ್ಡನ್ನು ಎಸೆಯಬಹುದು, ಚಿಪ್ ತೆಗೆಯಲು ಚರ್ಮವನ್ನೇ ಕೊಯ್ಯಬೇಕು. ‘ನನಗೆ ಕಾರ್ಡೇ ಸಾಕು’ ಎಂದು ಇಮೇಲ್‌ನಲ್ಲೇ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.